ಊರ ಕೋಳಿ ಮೊಟ್ಟೆಗೆ ಮೂರು ಪಾಲು ದುಡ್ಡು ಕೊಡುವಾಗ ನೋಡಬೇಕಾದ್ದು ಎಂತ?

ಕದ್ರಿ_ಅಡುಗೆಮನೆ
ಮಾರ್ಕೆಟ್ಟಿನಲ್ಲಿ ಬಿಳಿ ಫಾರಂ ಮೊಟ್ಟೆಯ ಎರಡೂವರೆ ಮೂರು ಪಾಲು ರೇಟು ಊರ ಮೊಟ್ಟೆಗೆ. ಕಂದು ಬಣ್ಣದ್ದೆಲ್ಲ ಊರದ್ದೇ ಅಂತ ಮಾರ್ತಾರೆ. ಗೊತ್ತಿದ್ದವರು ಹೇಳಿ: ನಿಜವಾದ ಊರ ಮೊಟ್ಟೆಯನ್ನು ಗುರುತಿಸುವುದು ಹೇಗೆ? ಮಕ್ಕಳಿಗೆ ಕೊಡ್ಲಿಕ್ಕೆ ಅದರಲ್ಲಿ ಹೆಚ್ಚಿನ ಸತ್ವ ಉಂಟಾ? ಮನೆಗೆ ತಂದ ಮೇಲೆ ತೊಳೆದು ಇಡಬೇಕಾ, ಹಾಗೆಯೇ ಇಡಬೇಕಾ?

ಟ್ರೇ_ಮೂವತ್ತು (ಮಂಗಳೂರು, ಮೊಟ್ಟೆ ವ್ಯಾಪಾರ)
ಅಕ್ಕ, ಮೊದಲು ಬಣ್ಣವನ್ನು ತಲೆಯಿಂದ ತೆಗೆದುಬಿಡಿ. ಚಿಪ್ಪಿನ ಬಣ್ಣ ತಳಿಗೆ ಸೇರಿದ್ದು, ಸಾಕಿದ ರೀತಿಗೆ ಅಲ್ಲ. ಬಿಳಿ ಲೆಗಾರ್ನ್ ಕೋಳಿಯನ್ನು ನಿಮ್ಮ ಅಂಗಳದಲ್ಲಿ ಬಿಟ್ಟು ಹುಳ ಹುಪ್ಪಟೆ ತಿನ್ನಿಸಿದರೂ ಅದು ಬಿಳಿ ಮೊಟ್ಟೆಯೇ ಇಡುವುದು. ಬಿವಿ-380ರಂಥ ಕಂದು ಮೊಟ್ಟೆಯ ತಳಿಯನ್ನು ಪಂಜರದಲ್ಲಿ ಕೂಡಿ ಹಾಕಿದರೂ ಕಂದೇ. ಮಾರ್ಕೆಟ್ಟಿನಲ್ಲಿ ಊರದ್ದು ಅಂತ ಸಿಗುವುದರಲ್ಲಿ ಇಂಥ ಕಂದು ತಳಿಯದ್ದೂ ಗಿರಿರಾಜ, ಸ್ವರ್ಣಧಾರಾದಂಥ ಸುಧಾರಿತ ತಳಿಯದ್ದೂ ಬೇಕಾದಷ್ಟು ಉಂಟು. ಅವು ಕೆಟ್ಟ ಮೊಟ್ಟೆ ಅಂತಲ್ಲ. ಊರ ಮೊಟ್ಟೆಯ ರೇಟಿಗೆ ಅವನ್ನು ಮಾರುವುದು ತಪ್ಪು, ಅಷ್ಟೇ.

ಗುರುತು ಹಿಡಿಯಲು ಒಂದು ಮೊಟ್ಟೆ ಎತ್ತಿ ನೋಡಿದರೆ ಆಗುದಿಲ್ಲ, ಹತ್ತು ಹನ್ನೆರಡನ್ನು ಒಟ್ಟಿಗೆ ನೋಡಬೇಕು. ನಾಲ್ಕೈದು ಮನೆಯ ಹಿತ್ತಲಿನಿಂದ ಒಟ್ಟು ಮಾಡಿದ ಮೊಟ್ಟೆಗಳು ಒಂದರ ಹಾಗೆ ಇನ್ನೊಂದು ಇರುವುದಿಲ್ಲ: ಒಂದು ಕೆನೆ ಬಣ್ಣ, ಒಂದು ತಿಳಿ ಕಂದು, ಒಂದು ಬಿಳಿಗೆ ಹತ್ತಿರ, ಒಂದು ಉದ್ದ, ಒಂದು ಗುಂಡು. ತೂಕವೂ ಹೆಚ್ಚುಕಮ್ಮಿ 35ರಿಂದ 45 ಗ್ರಾಂ. 30 ಮೊಟ್ಟೆಯ ಟ್ರೇ ಪೂರ್ತಿ ಒಂದೇ ಕಂದು, ಒಂದೇ ಆಕಾರ, ಒಂದೊಂದೂ 55 ಗ್ರಾಂ ಅಂತಾದರೆ ಅದು ಒಂದೇ ಶೆಡ್ಡಿನಿಂದ ಬಂದದ್ದು. ಆಗ್‌ಮಾರ್ಕ್ ಲೆಕ್ಕದಲ್ಲಿ 53ರಿಂದ 59 ಗ್ರಾಂ ಅಂದರೆ ‘ದೊಡ್ಡ’, 45ರಿಂದ 52 ‘ಮಧ್ಯಮ’, 38ರಿಂದ 44 ‘ಸಣ್ಣ’. ಅಪ್ಪಟ ಊರ ಮೊಟ್ಟೆ ಹೆಚ್ಚಾಗಿ ‘ಸಣ್ಣ’ದಲ್ಲೇ ಬರುತ್ತದೆ. ಅಡುಗೆಮನೆಯ ಡಿಜಿಟಲ್ ತಕ್ಕಡಿ ಇದ್ದರೆ ಸಾಕು.

ಕುಂದಾಪ್ರದ_ಗೂಡು
ಬಿಳಿ ಮೊಟ್ಟೆಗೆ ಚಾ ಡಿಕಾಕ್ಷನ್ನಿನಲ್ಲಿ ಬಣ್ಣ ಹಿಡಿಸಿ ಮಾರ್ತ್ರು, ಲಿಂಬೆ ಹುಳಿ ಹಾಕಿ ತಿಕ್ಕಿದ್ರೆ ಗೊತ್ತಾತ್ತ್ ಅಂಬ್ರಲೆ. ಅದ್ ಸಮ ಪರೀಕ್ಷೆಯಾ?

ಟ್ರೇ_ಮೂವತ್ತು
ಆ ಪರೀಕ್ಷೆಯನ್ನು ನಂಬಬೇಡಿ ಮಾರಾಯ್ರೆ. ಕಂದು ಮೊಟ್ಟೆಯ ಸಹಜ ಬಣ್ಣವೂ ಚಿಪ್ಪಿನ ಹೊರಪದರದಲ್ಲೇ ಇರುವುದು. ಲಿಂಬೆ ಹುಳಿ, ವಿನೆಗರ್ ಹಾಕಿ ತಿಕ್ಕಿದರೆ ಸುಣ್ಣ ಕರಗಿ ಸಾಚಾ ಮೊಟ್ಟೆಯ ಬಣ್ಣವೂ ಬಿಡುತ್ತದೆ. ಒಳಗಿನಿಂದ ಚಿಪ್ಪು ಬೆಳ್ಳಗೆ ಉಂಟು, ಹಾಗಾಗಿ ನಕಲಿ ಅಂತ ಹೇಳುವುದೂ ತಪ್ಪು, ಸಾಚಾ ಕಂದು ಚಿಪ್ಪಿನ ಒಳಮೈ ಕೂಡ ಬಿಳುಚಿಕೊಂಡೇ ಇರುತ್ತದೆ. ಬಣ್ಣ ಹಚ್ಚಿದ್ದಾದರೆ ಎರಡು ಕಡೆ ಸಿಕ್ಕಿಬೀಳುತ್ತದೆ. ಅದ್ದಿ ಇಟ್ಟಾಗ ತಳ ತಾಗಿದ ಜಾಗದಲ್ಲಿ ಉಂಗುರದ ಹಾಗೆ ಕಲೆ ಕಾಣುತ್ತದೆ, ಸಣ್ಣ ಬಿರುಕಿದ್ದರೆ ಅದರ ಗೆರೆ ಹಿಡಿದು ಬಣ್ಣ ಗಾಢವಾಗಿ ಇಳಿದಿರುತ್ತದೆ. ಅದಕ್ಕಿಂತ ತಕ್ಕಡಿ ಒಳ್ಳೆಯ ಸಾಕ್ಷಿ. ಬಣ್ಣ ಹಚ್ಚಿದರೆ 55 ಗ್ರಾಮಿನದ್ದು 40 ಆಗುದಿಲ್ಲ.

ಪಶುವೈದ್ಯ_ಬ್ರಹ್ಮಾವರ
ಸತ್ವದ ಪ್ರಶ್ನೆಗೆ ಉತ್ತರ. 50 ಗ್ರಾಮಿನ ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಪ್ರೋಟೀನ್, 5 ಗ್ರಾಂ ಕೊಬ್ಬು, 70 ಕ್ಯಾಲರಿಯ ಆಸುಪಾಸು. ಒಂದೇ ತೂಕಕ್ಕೆ ಹೋಲಿಸಿದರೆ ಊರ ಕೋಳಿಗೂ ಫಾರಂ ಕೋಳಿಗೂ ಪ್ರೋಟೀನಿನಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಇಲ್ಲ. ಬದಲಿಗೆ ಒಂದಕ್ಕೊಂದು ಎಣಿಸಿ ಕೊಟ್ಟರೆ 40 ಗ್ರಾಮಿನ ಊರ ಮೊಟ್ಟೆಯಲ್ಲಿ ಪ್ರೋಟೀನ್ ಕಡಿಮೆಯೇ.

ವ್ಯತ್ಯಾಸ ಬರುವುದು ಹಳದಿಯಲ್ಲಿ. ಊರ ಕೋಳಿಯ ಮೊಟ್ಟೆ ಸಣ್ಣದಾದರೂ ಅದರಲ್ಲಿ ಹಳದಿಯ ಪಾಲು ಹೆಚ್ಚು. ನಾಲಿಗೆಗೆ ‘ರುಚಿ ಜಾಸ್ತಿ’ ಅನಿಸುವುದಕ್ಕೆ ಅದೂ ಒಂದು ಕಾರಣ. ಕೋಳಿ ಬಿಸಿಲಲ್ಲಿ ಓಡಾಡಿದರೆ ಹಳದಿಯಲ್ಲಿ ಡಿ ಜೀವಸತ್ವ ಹೆಚ್ಚುತ್ತದೆ. ಹಸಿರು ಸೊಪ್ಪು, ಹುಳ ತಿಂದರೆ ಇ ಜೀವಸತ್ವ, ಒಮೆಗಾ-3 ಕೊಬ್ಬು ಹೆಚ್ಚಬಹುದು. ಅಗಸೆ ಹಾಕಿದ ಫಾರಂ ಕೋಳಿಯಲ್ಲೂ ಒಮೆಗಾ-3 ಹೆಚ್ಚುತ್ತದೆ. ಅಂದರೆ ಕೋಳಿ ತಿಂದದ್ದು ಹಳದಿಗೆ ಬರುತ್ತದೆ. ಕೋಳಿಯನ್ನು ಬರೀ ಅನ್ನ ತೌಡು ಹಾಕಿ ಸಾಕಿದ ಮನೆಯ ಮೊಟ್ಟೆಗೆ ‘ಊರದ್ದು’ ಎಂಬ ಹೆಸರಿನಿಂದ ಸತ್ವ ಕೂಡುವುದಿಲ್ಲ.

ಹಳದಿಯ ಬಣ್ಣವೂ ಹಾಗೆಯೇ. ಕೇಸರಿ ಬಣ್ಣ ಬರುವುದು ಹಸಿರೆಲೆ, ಹಳದಿ ಮೆಕ್ಕೆಜೋಳ, ಚೆಂಡು ಹೂವಿನಲ್ಲಿರುವ ಬಣ್ಣದ ಅಂಶದಿಂದ. ಫಾರಂ ಆಹಾರಕ್ಕೆ ಚೆಂಡು ಹೂವಿನ ಸಾರ ಬೆರೆಸಿದರೆ ಪಂಜರದ ಕೋಳಿಯೂ ಕೇಸರಿ ಹಳದಿ ಕೊಡುತ್ತದೆ. ಬಣ್ಣ ನೋಡಿ ಆರೋಗ್ಯದ ತೀರ್ಮಾನ ಬೇಡ.

ಕದ್ರಿ_ಅಡುಗೆಮನೆ
ಹಾಗಾದರೆ ಡಾಕ್ಟ್ರೇ, ಫಾರಂ ಕೋಳಿಗೆ ಹಾರ್ಮೋನು ಚುಚ್ಚುತ್ತಾರೆ, ಅದಕ್ಕೇ ದಿನಾ ಇಡುವುದು ಅಂತ ಹೇಳುದು?

ಪಶುವೈದ್ಯ_ಬ್ರಹ್ಮಾವರ
ಇಲ್ಲ. ಮೊಟ್ಟೆಯಿಂದ ಮೊಟ್ಟೆಗೆ ಕೋಳಿಯ ಒಳಗಿನ ಸುತ್ತು ಸುಮಾರು 24ರಿಂದ 26 ಗಂಟೆ. ಫಾರಂ ತಳಿ ಹಲವು ತಲೆಮಾರು ಆಯ್ದು ಬೆಳೆಸಿದ್ದು, ಅದಕ್ಕೆ ಕಾವು ಕೂರುವ ಗುಣವೇ ಉಳಿದಿಲ್ಲ. ಜೊತೆಗೆ ಲೈಟು ಹಾಕಿ ದಿನಕ್ಕೆ 16 ಗಂಟೆ ಬೆಳಕು ಕೊಡುತ್ತಾರೆ. ಹಾಗಾಗಿ ವರ್ಷಕ್ಕೆ 300 ದಾಟುತ್ತದೆ. ನಮ್ಮ ಊರ ಹೇಂಟೆ ಹತ್ತು ಹನ್ನೆರಡು ಇಟ್ಟು ಕಾವಿಗೆ ಕೂರುತ್ತದೆ, ಆಮೇಲೆ ಮರಿಗಳ ಹಿಂದೆ ತಿರುಗುತ್ತದೆ, ವರ್ಷಕ್ಕೆ 50–70 ಸಿಕ್ಕಿದರೆ ಹೆಚ್ಚು. ಹೆಬ್ಬಾಳದ ಕೃಷಿ ವಿಶ್ವವಿದ್ಯಾಲಯದಲ್ಲಿ ರೂಪಿಸಿದ ಗಿರಿರಾಜ ಇವೆರಡರ ನಡುವಿನದ್ದು, 140–150. ಊರ ಮೊಟ್ಟೆ ದುಬಾರಿ ಆಗುವುದು ಈ ಲೆಕ್ಕದಿಂದಲೇ. ಆ ದುಡ್ಡು ಕೋಳಿಯ ಸಮಯಕ್ಕೆ.

ಹಿತ್ತಲು_ಕಾರ್ಕಳ
ಕೊಳ್ಳುವವರು ಕೇಳಬೇಕಾದ ಮೊದಲ ಪ್ರಶ್ನೆ ‘ಊರದ್ದಾ’ ಅಂತಲ್ಲ, ‘ಇಟ್ಟು ಎಷ್ಟು ದಿನ ಆಯ್ತು’ ಅಂತ. ನಮ್ಮ ಕರಾವಳಿಯ ಸೆಕೆಯಲ್ಲಿ ಇದಕ್ಕಿಂತ ದೊಡ್ಡ ವಿಷಯ ಬೇರೆ ಇಲ್ಲ.

ಊರ ಮೊಟ್ಟೆಯಲ್ಲಿ ಒಂದು ತೊಡಕು ಉಂಟು, ಯಾರೂ ಹೇಳುದಿಲ್ಲ. ಹಿತ್ತಲಲ್ಲಿ ಹುಂಜ ಇರುತ್ತದೆ, ಹಾಗಾಗಿ ಮೊಟ್ಟೆಗೆ ಜೀವ ಕಟ್ಟಿರುತ್ತದೆ. ಫಾರಂ ಶೆಡ್ಡಿನಲ್ಲಿ ಹುಂಜವೇ ಇಲ್ಲ, ಆ ಮೊಟ್ಟೆಯಿಂದ ಎಂದಿಗೂ ಮರಿ ಆಗುದಿಲ್ಲ. ಜೀವ ಕಟ್ಟಿದ ಮೊಟ್ಟೆ ಸುಮಾರು 21 ಡಿಗ್ರಿಗಿಂತ ತಂಪಿನಲ್ಲಿ ಇದ್ದರೆ ಬೆಳೆಯದೆ ಮಲಗಿರುತ್ತದೆ. ಕಾವಿಗೆ ಬೇಕಾದ್ದು 37.5 ಡಿಗ್ರಿ, 21 ದಿನ. ಮಂಗಳೂರಿನ ಅಡುಗೆಮನೆ ಬೇಸಗೆಯಲ್ಲಿ ಹಗಲು ರಾತ್ರಿ 30ರ ಹತ್ತಿರ. ಅತ್ತ ಮರಿಯೂ ಆಗುದಿಲ್ಲ, ಇತ್ತ ಸುಮ್ಮನೆಯೂ ಇರುದಿಲ್ಲ. ಅರೆಬರೆ ಬೆಳೆದು ಒಳಗೇ ಸಾಯುತ್ತದೆ, ಮೊಟ್ಟೆ ಬೇಗ ಹಳಸುತ್ತದೆ. ಒಡೆದಾಗ ಕೆಂಪು ನರ, ಕೆಂಪು ಉಂಗುರ ಕಾಣುವುದು ಅದೇ. ಹಾಗಾಗಿ ಊರ ಮೊಟ್ಟೆಯನ್ನು ಬುಟ್ಟಿಯಲ್ಲಿ ಹತ್ತು ದಿನ ಕೂಡಿಟ್ಟು ಸಂತೆಗೆ ತಂದರೆ ಅದು ಫಾರಂ ಮೊಟ್ಟೆಗಿಂತ ಕಡೆ.

ಸಾಕುವವರಿಗೆ: ಮಾರ್ಚಿನಿಂದ ಮೇವರೆಗೆ ದಿನಕ್ಕೆ ಎರಡು ಸಲ, ಬೆಳಿಗ್ಗೆ 11ಕ್ಕೆ ಒಮ್ಮೆ, ಮಧ್ಯಾಹ್ನ 3ಕ್ಕೆ ಒಮ್ಮೆ ಮೊಟ್ಟೆ ತೆಗೆಯಿರಿ. ತಿನ್ನಲು ಮಾತ್ರ ಮಾರುವುದಾದರೆ ಹುಂಜವನ್ನು ಬೇರೆ ಇಡಿ. ಬೇರೆ ಮಾಡಿದ ಮರುದಿನದಿಂದಲೇ ಜೀವ ಕಟ್ಟದ ಮೊಟ್ಟೆ ಸಿಗುದಿಲ್ಲ, ಹೇಂಟೆಯ ಒಳಗೆ ಎರಡು ಮೂರು ವಾರ ಹುಂಜದ ಬೀಜ ಉಳಿದಿರುತ್ತದೆ. ಕಾವಿಗೆ ಕೂತ ಹೇಂಟೆಯ ಅಡಿಯಿಂದ ಎಳೆದು ಮಾರುವುದಂತೂ ಬೇಡವೇ ಬೇಡ.

ಬೇಕರಿಒಲೆ_ಉಡುಪಿ
ಒಡೆದಾಗ ಒಂದು ಕೆಂಪು ಚುಕ್ಕೆ ಇದ್ದರೆ ಬಿಸಾಡುವವರಿದ್ದಾರೆ. ಅದೂ ಮರಿಯಾ ಹಾಗಾದರೆ?

ಪಶುವೈದ್ಯ_ಬ್ರಹ್ಮಾವರ
ಅಲ್ಲ. ಒಂಟಿ ರಕ್ತದ ಚುಕ್ಕೆ ಅಂದರೆ ಹಳದಿ ಬಿಡುಗಡೆ ಆಗುವಾಗ ಸಣ್ಣ ರಕ್ತನಾಳ ಹರಿದದ್ದು. ಹುಂಜ ಇಲ್ಲದ ಫಾರಂ ಮೊಟ್ಟೆಯಲ್ಲೂ ಬರುತ್ತದೆ. ಚಮಚದ ತುದಿಯಿಂದ ತೆಗೆದು ಬೇಯಿಸಿ ತಿನ್ನಬಹುದು. ಜೇಡರ ಬಲೆಯ ಹಾಗೆ ಕವಲೊಡೆದ ನರ ಅಥವಾ ಪೂರ್ತಿ ಉಂಗುರ ಕಂಡರೆ ಮಾತ್ರ ಅದು ಬೆಳವಣಿಗೆ, ಅದನ್ನು ಬಿಡಿ.

ಟ್ರೇ_ಮೂವತ್ತು
ದಿನ ಎಷ್ಟಾಯಿತು ಅಂತ ಅಂಗಡಿಯಲ್ಲೇ ನೋಡಲು ಮೊಬೈಲ್ ಟಾರ್ಚು ಸಾಕು. ದಪ್ಪ ರಟ್ಟಿನಲ್ಲಿ ಒಂದು ಇಂಚಿನ ತೂತು ಮಾಡಿ ಟಾರ್ಚಿನ ಮೇಲೆ ಇಡಿ, ಮೊಟ್ಟೆಯ ದಪ್ಪ ತುದಿಯನ್ನು ತೂತಿಗೆ ಒತ್ತಿ ಹಿಡಿಯಿರಿ. ಆ ತುದಿಯಲ್ಲಿ ಗಾಳಿಯ ಗೂಡು ಬೆಳ್ಳಗೆ ಕಾಣುತ್ತದೆ. ಇಡುವಾಗ ಮೊಟ್ಟೆ ಕೋಳಿಯ ಮೈಬಿಸಿಯಲ್ಲಿರುತ್ತದೆ, ತಣಿಯುವಾಗ ಒಳಗಿನದ್ದು ಕುಗ್ಗಿ ಆ ಗೂಡು ಆಗುವುದು. ಆಮೇಲೆ ಚಿಪ್ಪಿನ ಸಾವಿರಾರು ಸಣ್ಣ ರಂಧ್ರಗಳಿಂದ ನೀರಾವಿ ಹೋದ ಹಾಗೆ ಗೂಡು ದೊಡ್ಡದಾಗುತ್ತದೆ. ಆಳ 3–4 ಮಿಲಿಮೀಟರ್ ಇದ್ದರೆ ತಾಜಾ, 6 ದಾಟಿದರೆ ಹಳತು, ಒಂದು ಸೆಂಟಿಮೀಟರ್ ಆದರೆ ಆ ಟ್ರೇ ಮುಟ್ಟಬೇಡಿ. ಗಾಢ ಕಂದು ಚಿಪ್ಪಿನಲ್ಲಿ ಸರಿಯಾಗಿ ಕಾಣುದಿಲ್ಲ, ಕತ್ತಲೆ ಬೇಕು.

ಮನೆಯಲ್ಲಾದರೆ ನೀರಿನ ಪರೀಕ್ಷೆ. ಆಳದ ಪಾತ್ರೆಯಲ್ಲಿ ಬರೀ ನೀರು, ಉಪ್ಪು ಬೇಡ, ಉಪ್ಪು ಹಾಕಿದರೆ ಒಳ್ಳೆಯದೂ ಏಳುತ್ತದೆ. ಅಡ್ಡ ಮಲಗಿದರೆ ಹೊಸತು. ದಪ್ಪ ತುದಿ ಸ್ವಲ್ಪ ಎದ್ದರೆ ವಾರದ್ದು. ನೆಟ್ಟಗೆ ನಿಂತರೆ ಬೇಗ ಮುಗಿಸಿ. ತೇಲಿದರೆ ಬೇರೆ ಬಟ್ಟಲಲ್ಲಿ ಒಡೆದು ಮೂಸಿ ನೋಡಿ. ತೇಲಿದ್ದೆಲ್ಲ ಕೊಳೆತದ್ದಲ್ಲ, ಗಾಳಿ ತುಂಬಿದ್ದು ಅಷ್ಟೇ. ಮುಳುಗಿದ್ದರಲ್ಲಿ ರೋಗಾಣು ಇಲ್ಲ ಅಂತಲೂ ಅಲ್ಲ, ನೀರು ಹೇಳುವುದು ಪ್ರಾಯ ಮಾತ್ರ. ಒಮ್ಮೆ ನೀರಿಗೆ ಹಾಕಿದ್ದನ್ನು ಒರೆಸಿ ಅದೇ ದಿನ ಬಳಸಿ, ಪುನಃ ಟ್ರೇಗೆ ಇಡಬೇಡಿ.

ಇನ್ನೊಂದು, ಎರಡು ಮೊಟ್ಟೆಯನ್ನು ಮೆಲ್ಲಗೆ ತಾಗಿಸಿ ಕೇಳಿ. ಗಟ್ಟಿ ಚಿಪ್ಪು ಟಿಣ್ ಅನ್ನುತ್ತದೆ, ಕೂದಲೆಳೆ ಬಿರುಕು ಇದ್ದರೆ ಸದ್ದು ಸತ್ತಿರುತ್ತದೆ. ಫಾರಂ ಮೊಟ್ಟೆ 7 ಟ್ರೇಯ 210ರ ಪೆಟ್ಟಿಗೆಯಲ್ಲಿ ಘಟ್ಟ ಇಳಿದು ಬರುವುದು, ಅಡಿಯ ಟ್ರೇಗಳಲ್ಲಿ ಇಂಥ ಬಿರುಕು ಹೆಚ್ಚು.

ಕದ್ರಿ_ಅಡುಗೆಮನೆ
ಫಾರಂ ಮೊಟ್ಟೆ ನಮ್ಮ ಅಂಗಡಿಗೆ ಬರುವಾಗಲೇ ಹಳತಾಗಿರುತ್ತದಾ?

ಟ್ರೇ_ಮೂವತ್ತು
ನಾಮಕ್ಕಲ್, ಹೊಸಪೇಟೆ ಇವೆಲ್ಲ ದೊಡ್ಡ ಮೊಟ್ಟೆ ಕೇಂದ್ರಗಳು. ಅಲ್ಲಿ ಶೆಡ್ಡಿನಿಂದ ತೆಗೆದು, ಲೋಡಾಗಿ, ಸಗಟು ಅಂಗಡಿಗೆ ಇಳಿದು, ಗೂಡಂಗಡಿಗೆ ಮುಟ್ಟುವಾಗ ಕೆಲವು ದಿನ ಹೋಗಿಯೇ ಹೋಗುತ್ತದೆ, ಅದೂ ಫ್ರಿಜ್ಜಿಲ್ಲದೆ. ಆದರೆ ಪ್ರತಿದಿನ ಖಾಲಿ ಆಗುವ ಅಂಗಡಿಯಲ್ಲಿ ಅದು ಅಲ್ಲಿಗೇ ನಿಲ್ಲುತ್ತದೆ. ಬಿಸಿಲು ಬೀಳುವ ಜಗಲಿಯಲ್ಲಿ ಟ್ರೇ ಒಟ್ಟಿದ ಅಂಗಡಿಯಲ್ಲಿ ಕೊಳ್ಳಬೇಡಿ, ಅಲ್ಲಿನ ಒಂದು ದಿನ ಫ್ರಿಜ್ಜಿನ ಒಂದು ವಾರಕ್ಕೆ ಸಮ. ದಿನದ ರೇಟನ್ನು 1982ರಲ್ಲಿ ಶುರುವಾದ ರಾಷ್ಟ್ರೀಯ ಮೊಟ್ಟೆ ಸಮನ್ವಯ ಸಮಿತಿ ಹೇಳುತ್ತದೆ. ಅದಕ್ಕಿಂತ ತುಂಬ ಅಗ್ಗಕ್ಕೆ ಯಾರಾದರೂ ಕೊಟ್ಟರೆ ಹಳೆ ದಾಸ್ತಾನೋ ಬಿರುಕಿನದ್ದೋ ಅಂತ ನೋಡಿಯೇ ತಕ್ಕೊಳ್ಳಿ.

ಹಿತ್ತಲು_ಕಾರ್ಕಳ
ತೊಳೆಯುವ ವಿಷಯ ಬಾಕಿ ಆಯ್ತು. ಇಟ್ಟ ಮೊಟ್ಟೆಯ ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ಪೊರೆ ಇರುತ್ತದೆ. ರಂಧ್ರ ಮುಚ್ಚಿ ರೋಗಾಣುವನ್ನು ಹೊರಗೇ ತಡೆಯುವುದು ಅದು. ತೊಳೆದರೆ ಪೊರೆ ಹೋಗುತ್ತದೆ. ಅದರಲ್ಲೂ ಬಾವಿಯ ತಣ್ಣೀರಲ್ಲಿ ತೊಳೆಯುವುದು ಅತಿ ಕೆಟ್ಟ ಕೆಲಸ: ಒಳಗಿನದ್ದು ಕುಗ್ಗುವಾಗ ಹೊರಗಿನ ಕೊಳಕು ನೀರನ್ನು ರಂಧ್ರದಿಂದ ಒಳಗೆ ಎಳೆದುಕೊಳ್ಳುತ್ತದೆ.

ಸ್ವಲ್ಪ ಹಿಕ್ಕೆ ಹಿಡಿದಿದ್ದರೆ ಒಣ ತೆಂಗಿನ ನಾರಿನಿಂದ ಮೆಲ್ಲಗೆ ತಿಕ್ಕಿ ತೆಗೆಯಿರಿ. ತುಂಬ ಕೊಳಕಾದದ್ದನ್ನು ಮಾರಬೇಡಿ. ಮನೆಗೆ ಬಳಸುವುದಾದರೆ ಕೈಗೆ ಚೆನ್ನಾಗಿ ಬಿಸಿ ತಾಗುವ, 40 ಡಿಗ್ರಿಯ ಸುಮಾರಿನ ಹರಿಯುವ ನೀರಲ್ಲಿ ತೊಳೆಯಿರಿ, ನೆನೆ ಹಾಕಬೇಡಿ. ಕೂಡಲೇ ಒರೆಸಿ ಫ್ರಿಜ್ಜಿಗೆ ಇಟ್ಟು ಮೊದಲು ಅದನ್ನೇ ಮುಗಿಸಿ. ಅಮೆರಿಕದಲ್ಲಿ ಮೊಟ್ಟೆ ತೊಳೆದು ಮಾರುತ್ತಾರೆ, ಹಾಗಾಗಿ ಅಲ್ಲಿ ಕಡೆಯವರೆಗೂ ಫ್ರಿಜ್ಜು ಬೇಕು. ಯುರೋಪಿನಲ್ಲಿ ಹೆಚ್ಚಿನ ಕಡೆ ತೊಳೆಯುವುದಿಲ್ಲ. ಎರಡರ ಅರ್ಧರ್ಧ ಮಾಡಿ, ತೊಳೆದು ಹೊರಗೆ ಇಡುವುದು ಮಾತ್ರ ತಪ್ಪು.

ಪಶುವೈದ್ಯ_ಬ್ರಹ್ಮಾವರ
ಇದಕ್ಕೆ ಸೇರಿಸಿ: ಫ್ರಿಜ್ಜಿಗೆ ಹೋದ ಮೊಟ್ಟೆ ಫ್ರಿಜ್ಜಿನಲ್ಲೇ ಇರಲಿ. ನಮ್ಮ ತೇವದ ಗಾಳಿಗೆ ಹೊರಗೆ ತೆಗೆದರೆ ಎರಡೇ ನಿಮಿಷದಲ್ಲಿ ಚಿಪ್ಪು ಬೆವರುತ್ತದೆ, ಆ ನೀರಲ್ಲಿ ರೋಗಾಣು ಒಳಗೆ ಈಜುತ್ತದೆ. ಬಾಗಿಲಿನ ಗುಳಿಯಲ್ಲಿ ಇಡಬೇಡಿ, ತೆರೆದಾಗಲೆಲ್ಲ ಬಿಸಿ ತಾಗುತ್ತದೆ. ಒಳಗಿನ ಹಂತದಲ್ಲಿ, ಮುಚ್ಚಳದ ಡಬ್ಬಿಯಲ್ಲಿ, ಚೂಪು ತುದಿ ಕೆಳಗೆ ಮಾಡಿ. ತಾಜಾ ಮೊಟ್ಟೆ ಹೀಗೆ ನಾಲ್ಕು ವಾರ ಬರುತ್ತದೆ. ಹೊರಗೆ ಬೇಸಗೆಯಲ್ಲಿ ಒಂದು ವಾರ ಅಂತ ಇಟ್ಟುಕೊಳ್ಳಿ, ಜೀವ ಕಟ್ಟಿದ್ದಾದರೆ ಮೂರು ದಿನ.

ಮಳೆಗಾಲದಲ್ಲಿ ರಟ್ಟಿನ ಟ್ರೇ ತೇವ ಹೀರಿ ಬೂಸ್ಟು ಹಿಡಿಯುತ್ತದೆ. ಅದೇ ಬೂಸ್ಟು ಚಿಪ್ಪಿನ ಒಳಗೂ ಇಳಿಯುತ್ತದೆ. ಜೂನಿನಿಂದ ಸೆಪ್ಟೆಂಬರ್‌ವರೆಗೆ ಹಳೆ ರಟ್ಟಿನ ಟ್ರೇಯಲ್ಲಿ ದಾಸ್ತಾನು ಬೇಡ, ಪ್ಲಾಸ್ಟಿಕ್ ಟ್ರೇ ತೊಳೆದು ಒಣಗಿಸಿ ಬಳಸಿ.

ಕುಂದಾಪ್ರದ_ಗೂಡು
ಫ್ರಿಜ್ಜ್ ಇಲ್ದೆ ಇಡುಕೆ ತೆಂಗಿನೆಣ್ಣೆ ಹಚ್ಚುದ್ ಉಂಟಲೆ?

ಹಿತ್ತಲು_ಕಾರ್ಕಳ
ಉಂಟು, ಕೆಲಸ ಮಾಡುತ್ತದೆ. ಇಟ್ಟ 24 ಗಂಟೆಯ ಒಳಗೆ, ಒಣಗಿ ಚೊಕ್ಕ ಇರುವ ಮೊಟ್ಟೆಗೆ ಮಾತ್ರ. ಅಂಗೈಗೆ ನಾಲ್ಕು ಹನಿ ಎಣ್ಣೆ, ಮೊಟ್ಟೆ ಉರುಳಿಸಿ ತೆಳುವಾಗಿ ಹಚ್ಚಿ, ಬಟ್ಟೆಯಿಂದ ಹೆಚ್ಚಿನದ್ದನ್ನು ಒರೆಸಿ. ರಂಧ್ರ ಮುಚ್ಚಿ ಒಳಗಿನ ನೀರೂ ಗಾಳಿಯೂ ಹೊರಗೆ ಹೋಗುವುದು ನಿಧಾನ ಆಗುತ್ತದೆ. ಕೊಳಕು ಮೊಟ್ಟೆಗೆ ಹಚ್ಚಿದರೆ ಕೊಳಕನ್ನೇ ಒಳಗೆ ಮುಚ್ಚಿದ ಹಾಗೆ. ಕನರು ಎಣ್ಣೆ ಬೇಡ, ವಾಸನೆ ಒಳಗೆ ಹಿಡಿಯುತ್ತದೆ. ಎಣ್ಣೆ ಹಚ್ಚಿದ ಮೊಟ್ಟೆ ಬೇಯಿಸಿದರೆ ಚಿಪ್ಪು ಸರಿಯಾಗಿ ಬಿಡುವುದಿಲ್ಲ, ಅದು ನೆನಪಿರಲಿ.

ಬೇಕರಿಒಲೆ_ಉಡುಪಿ
ಆ ಚಿಪ್ಪಿನ ಕಾರಣ ಹೇಳುತ್ತೇನೆ, ಮೊಟ್ಟೆ ಗಸಿ ಮಾಡುವವರು ಇದಕ್ಕೇ ಊರ ಮೊಟ್ಟೆಯನ್ನು ಬೈಯುವುದು. ಹೊಸ ಮೊಟ್ಟೆಯ ಬಿಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಕರಗಿರುತ್ತದೆ, ಕ್ಷಾರ ಕಡಿಮೆ, ಹಾಗಾಗಿ ಬೆಂದ ಬಿಳಿ ಒಳಪೊರೆಗೆ ಗಟ್ಟಿ ಅಂಟುತ್ತದೆ. ದಿನ ಹೋದ ಹಾಗೆ ಆ ಅನಿಲ ಹೊರಬಿದ್ದು ಕ್ಷಾರ ಏರುತ್ತದೆ, ಅಂಟು ಸಡಿಲುತ್ತದೆ. ಎಣ್ಣೆ ಹಚ್ಚಿದರೆ ಅನಿಲ ಒಳಗೇ ಉಳಿಯುತ್ತದೆ, ಅದಕ್ಕೇ ಹಾಗೆ. ಸಿಪ್ಪೆ ಸುಲಿಯುವಾಗ ಹರಿದು ಹೋಗುವ ಮೊಟ್ಟೆ ತಾಜಾ ಅಂತ ಲೆಕ್ಕ.

ಎರಡು ದಿನದೊಳಗಿನ ಮೊಟ್ಟೆಯನ್ನೇ ಬೇಯಿಸಬೇಕಾದರೆ ತಣ್ಣೀರಲ್ಲಿ ಹಾಕಿ ಬಿಸಿ ಮಾಡಬೇಡಿ. ನೀರು ಕುದಿಯುವಾಗ ಸೌಟಿನಲ್ಲಿ ಇಳಿಸಿ. 55 ಗ್ರಾಮಿನ ಫಾರಂ ಮೊಟ್ಟೆಗೆ 11 ನಿಮಿಷ, 40 ಗ್ರಾಮಿನ ಊರದ್ದಕ್ಕೆ 9 ಸಾಕು. ಕೂಡಲೇ ತಣ್ಣೀರಿಗೆ ಹಾಕಿ ಹತ್ತು ನಿಮಿಷ ಬಿಡಿ. ದಪ್ಪ ತುದಿಯಲ್ಲಿ ಒಡೆದು ನೀರೊಳಗೇ ಸುಲಿಯಿರಿ. ಇಡ್ಲಿ ಅಟ್ಟದಲ್ಲಿ 12 ನಿಮಿಷ ಹಬೆಗೆ ಇಟ್ಟರೂ ಚೆನ್ನಾಗಿ ಬಿಡುತ್ತದೆ. ಹೆಚ್ಚು ಬೆಂದರೆ ಹಳದಿಯ ಸುತ್ತ ಹಸಿರು ಬಳೆ ಬರುತ್ತದೆ, ಬಿಳಿಯ ಗಂಧಕವೂ ಹಳದಿಯ ಕಬ್ಬಿಣವೂ ಸೇರಿ ಆದದ್ದು, ಹಾನಿ ಇಲ್ಲ.

ಕೇಕಿಗೆ ಮೊಟ್ಟೆ ಎಣಿಸಬೇಡಿ, ತೂಗಿ. ಚಿಪ್ಪು ಒಟ್ಟು ತೂಕದ ಹತ್ತರಲ್ಲಿ ಒಂದು ಪಾಲಿಗೆ ಸ್ವಲ್ಪ ಮೇಲೆ. ಫಾರಂ ಮೊಟ್ಟೆಯಲ್ಲಿ 49 ಗ್ರಾಂ ಸಿಕ್ಕಿದರೆ ಊರದ್ದರಲ್ಲಿ 35. ಪಾಕದಲ್ಲಿ ‘4 ಮೊಟ್ಟೆ’ ಅಂತ ಇದ್ದು ಊರದ್ದು ಹಾಕಿದರೆ ಕಡೇಪಕ್ಷ ಐದೂವರೆ ಬೇಕು, ಇಲ್ಲದಿದ್ದರೆ ಕೇಕು ಒಣಗಿ ಬಿರುಕು ಬಿಡುತ್ತದೆ. ಹಳದಿ ಹೆಚ್ಚಿರುವ ಕಾರಣ ಬಿಸ್ಕಿಟು, ಕಸ್ಟರ್ಡಿಗೆ ಊರ ಮೊಟ್ಟೆ ಚಂದ. ಬಿಳಿ ನೊರೆ ಎಬ್ಬಿಸಬೇಕಾದ ಸ್ಪಾಂಜಿಗೆ ಫಾರಂ ಮೊಟ್ಟೆಯೇ ಒಳ್ಳೆಯದು, ಅಗ್ಗವೂ ಹೌದು. ಎಲ್ಲದಕ್ಕೂ ದುಬಾರಿಯದ್ದನ್ನೇ ಒಡೆಯಬೇಕು ಅಂತಿಲ್ಲ.

ಕದ್ರಿ_ಅಡುಗೆಮನೆ
ಮೈನೆರೆದ ಹುಡುಗಿಯರಿಗೆ ಹಸಿ ಊರ ಮೊಟ್ಟೆ, ಎಳ್ಳೆಣ್ಣೆ ಕುಡಿಸುವ ಕ್ರಮ ಈಗಲೂ ಉಂಟು. ಊರದ್ದಾದರೆ ಹಸಿ ತೊಂದರೆ ಇಲ್ಲ ಅಂತ ಹಿರಿಯರು ಹೇಳುದು.

ಪಶುವೈದ್ಯ_ಬ್ರಹ್ಮಾವರ
ದಯವಿಟ್ಟು ಬೇಯಿಸಿಯೇ ಕೊಡಿ ಅಕ್ಕ. ಸಾಲ್ಮೊನೆಲ್ಲಾ ರೋಗಾಣು ಊರ ಕೋಳಿ, ಫಾರಂ ಕೋಳಿ ಅಂತ ನೋಡುವುದಿಲ್ಲ. ಹಿಕ್ಕೆಯಿಂದ ಚಿಪ್ಪಿಗೆ ಹತ್ತುವುದಲ್ಲದೆ ಕೋಳಿಯ ಅಂಡಾಶಯದಿಂದಲೇ ಮೊಟ್ಟೆಯ ಒಳಗೂ ಸೇರಬಲ್ಲದು, ಹೊರಗಿನಿಂದ ಎಷ್ಟು ಚೊಕ್ಕ ಕಂಡರೂ. ಹುಡುಗಿಗೆ ಪುಷ್ಟಿ ಸಿಗಲಿ ಅಂತ ಕೊಡುವುದು ತಾನೆ? ಬೇಯಿಸಿದ ಮೊಟ್ಟೆಯ ಪ್ರೋಟೀನಿನಲ್ಲಿ ನೂರಕ್ಕೆ 90ರಷ್ಟು ಮೈಗೆ ಹಿಡಿಯುತ್ತದೆ, ಹಸಿಯದ್ದರಲ್ಲಿ ಸುಮಾರು ಅರ್ಧ ಮಾತ್ರ. ಹಸಿ ಬಿಳಿಯಲ್ಲಿರುವ ಅವಿಡಿನ್ ಎಂಬ ಅಂಶ ಬಯೋಟಿನ್ ಜೀವಸತ್ವವನ್ನು ಕಟ್ಟಿ ಹಾಕುತ್ತದೆ, ಬೇಯಿಸಿದರೆ ಆ ಶಕ್ತಿ ಹೋಗುತ್ತದೆ. ಎಳ್ಳೆಣ್ಣೆಯಲ್ಲೇ ಪೂರ್ತಿ ಬೇಯಿಸಿದ ಮೊಟ್ಟೆ ಕೊಡಿ, ಕ್ರಮವೂ ಉಳಿಯುತ್ತದೆ. ಮಕ್ಕಳಿಗೆ, ಬಸುರಿಯರಿಗೆ, ವಯಸ್ಸಾದವರಿಗೆ ಹಳದಿ ಹರಿಯದಷ್ಟು ಬೆಂದಿರಲಿ.

ಅಡಿಕೆತೋಟ_ಪುತ್ತೂರು
‘ನಮ್ಮ ತೋಟದ ಕೋಳಿ, ವಿಷ ಇಲ್ಲ’ ಅನ್ನುವ ಮಾತನ್ನೂ ಪರೀಕ್ಷೆಗೆ ಹಚ್ಚಬೇಕು. ಕೊಳೆರೋಗಕ್ಕೆ ಅಡಿಕೆಗೆ ಬೋರ್ಡೋ ದ್ರಾವಣ ಹೊಡೆಯುತ್ತೇವೆ: 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ, 100 ಲೀಟರ್ ನೀರು. ಮರದಿಂದ ತೊಟ್ಟಿಕ್ಕಿದ್ದು ಬುಡದ ಹುಲ್ಲಿಗೆ, ಬಿದ್ದ ಅಡಿಕೆ ಹಾಳೆಯಲ್ಲಿ ನಿಂತ ನೀರಿಗೆ. ಕೋಳಿ ಕುಡಿಯುವುದು ಅದೇ ಹಾಳೆಯ ನೀರು. ಹೊಡೆದ ದಿನ ಗೂಡು ತೆರೆಯಬೇಡಿ, ಒಂದು ಒಳ್ಳೆಯ ಮಳೆ ಬಂದು ತೊಳೆದು ಹೋಗುವವರೆಗೆ ಆ ತಟ್ಟಿಗೆ ಬಿಡಬೇಡಿ, ಹಾಳೆಗಳನ್ನು ಕವುಚಿ ಹಾಕಿ. ಡ್ರಮ್ಮು ತೊಳೆದ ಜಾಗಕ್ಕೂ ಬೇಲಿ ಬೇಕು. ಇಲಿ ಪಾಷಾಣ, ಬಸವನಹುಳಕ್ಕೆ ಇಡುವ ಮದ್ದು ಕೋಳಿ ಮುಟ್ಟುವಲ್ಲಿ ಇಡಲೇಬಾರದು. ಪ್ಲಾಸ್ಟಿಕ್ ಕಸ ಸುಡುವ ಗುಂಡಿಯ ಬೂದಿಯಲ್ಲಿ ಕೋಳಿಗಳು ಹೊರಳುತ್ತವೆ, ಕೆದಕಿ ತಿನ್ನುತ್ತವೆ. ಅದರಲ್ಲಿರುವ ವಿಷ ಕೊಬ್ಬಿನಲ್ಲಿ ಕರಗುವಂಥದ್ದು, ನೇರ ಹಳದಿಗೆ ಬರುತ್ತದೆ. ಆ ಗುಂಡಿಯನ್ನು ಮುಚ್ಚಿ.

ಪಶುವೈದ್ಯ_ಬ್ರಹ್ಮಾವರ
ಸರಿಯಾದ ಮಾತು. ಮದ್ದಿನ ವಿಷಯವೂ ಅಷ್ಟೇ. ಕೋಳಿ ತೂಕಡಿಸಿದರೆ ಮನುಷ್ಯರ ಆ್ಯಂಟಿಬಯೋಟಿಕ್ ಕ್ಯಾಪ್ಸೂಲ್ ಬಿಡಿಸಿ ಕುಡಿಸುವವರಿದ್ದಾರೆ. ಒಂದು ಹಳದಿ ಪೂರ್ತಿ ಬೆಳೆಯಲು ಸುಮಾರು ಹತ್ತು ದಿನ ಬೇಕು. ಇವತ್ತು ಕೊಟ್ಟ ಮದ್ದು ಮುಂದಿನ ಹತ್ತು ದಿನದ ಮೊಟ್ಟೆಗಳಲ್ಲಿ ಪದರ ಪದರವಾಗಿ ಕೂತಿರುತ್ತದೆ. ಜಂತುಮದ್ದು ಇರಲಿ, ಆ್ಯಂಟಿಬಯೋಟಿಕ್ ಇರಲಿ, ಚೀಟಿಯಲ್ಲಿ ಹೇಳಿದಷ್ಟು ದಿನ ಮೊಟ್ಟೆ ಮಾರಬೇಡಿ, ತಿನ್ನಬೇಡಿ. ಲಸಿಕೆಗೆ ಹೆದರಬೇಡಿ. ಕೊಕ್ಕರೆ ರೋಗಕ್ಕೆ (ರಾಣಿಕೇತ್) ಮರಿಗೆ 5ರಿಂದ 7 ದಿನಕ್ಕೆ ಲಸೋಟಾ ಲಸಿಕೆ ಕಣ್ಣಿಗೆ ಒಂದು ಹನಿ, 28ನೇ ದಿನಕ್ಕೆ ಇನ್ನೊಮ್ಮೆ, 8ರಿಂದ 10 ವಾರಕ್ಕೆ ಆರ್2ಬಿ ಚುಚ್ಚುಮದ್ದು. ಐಸ್ ಹಾಕಿದ ಫ್ಲಾಸ್ಕಿನಲ್ಲಿ ತನ್ನಿ, ಕಲಸಿದ ಮೇಲೆ ಎರಡು ಗಂಟೆಯೊಳಗೆ ಮುಗಿಸಿ. ಬಿಸಿಯಾದ ಲಸಿಕೆ ಹಾಕಿದರೂ ಹಾಕದ ಹಾಗೆಯೇ.

ಕುಂದಾಪ್ರದ_ಗೂಡು
ಚಿಪ್ಪು ತೆಳು ಬತ್ತ್, ಕೈಯಲ್ ಹಿಡಿದ್ರೆ ಒಡಿತ್ತ್. ಎಂತ ಹಾಕುದ್?

ಹಿತ್ತಲು_ಕಾರ್ಕಳ
ನಮ್ಮ ಕರಾವಳಿಯಲ್ಲಿ ಸುಣ್ಣಕ್ಕೆ ಬರವಾ ಮಾರಾಯ್ರೆ! ಮರುವಾಯಿ (ಕಪ್ಪೆಚಿಪ್ಪು) ಪುಂಡಿ, ಸುಕ್ಕ ಮಾಡಿ ಬಿಸಾಡುವ ಚಿಪ್ಪು ಉಂಟಲ್ಲ, ಅದೇ. ಉಪ್ಪು ಹೋಗುವ ಹಾಗೆ ಎರಡು ನೀರಲ್ಲಿ ತೊಳೆದು, ಹತ್ತು ನಿಮಿಷ ಕುದಿಸಿ, ಬಿಸಿಲಲ್ಲಿ ಒಣಗಿಸಿ, ಗೋಣಿಯಲ್ಲಿ ಕಟ್ಟಿ ಜಜ್ಜಿ. ಹಿಟ್ಟು ಮಾಡಬೇಡಿ, 2ರಿಂದ 4 ಮಿಲಿಮೀಟರಿನ ಚೂರು ಬೇಕು. ಚಿಪ್ಪು ಕಟ್ಟುವ ಕೆಲಸ ಹೆಚ್ಚು ನಡೆಯುವುದು ರಾತ್ರಿ, ಆಗ ಕೋಳಿ ತಿನ್ನುವುದಿಲ್ಲ. ಚೂರು ಹೊಟ್ಟೆಯಲ್ಲಿ ಕೂತು ಮೆಲ್ಲ ಮೆಲ್ಲ ಕರಗಿದರೆ ರಾತ್ರಿಗೆ ಸುಣ್ಣ ಸಿಗುತ್ತದೆ, ಹಿಟ್ಟು ಸಂಜೆಗೇ ಖಾಲಿ. ಬೇರೆ ಗೆರಟೆಯಲ್ಲಿ ಇಡಿ, ಬೇಕಾದಷ್ಟು ಅದೇ ತಿನ್ನುತ್ತದೆ.

ಮೊಟ್ಟೆ ಇಡುವ ಕೋಳಿಗೆ 10 ಕಿಲೋ ಆಹಾರ ಕಲಸಲು: ಜೋಳ ನುಚ್ಚು 5 ಕಿಲೋ, ಅಕ್ಕಿ ತೌಡು 1.8, ನೆಲಗಡಲೆ ಹಿಂಡಿ 1.8, ಉಪ್ಪು ಹಾಕದ ಒಣಮೀನಿನ ಪುಡಿ ಅರ್ಧ ಕಿಲೋ, ಚಿಪ್ಪಿನ ಚೂರು 700 ಗ್ರಾಂ, ಖನಿಜ ಮಿಶ್ರಣ 200 ಗ್ರಾಂ. ಪ್ರೋಟೀನ್ ನೂರಕ್ಕೆ 16ರ ಹತ್ತಿರ ಬರುತ್ತದೆ. ಕಟ್ಟಿ ಸಾಕಿದರೆ ಒಂದು ಕೋಳಿಗೆ ದಿನಕ್ಕೆ 110–120 ಗ್ರಾಂ, ಹೊರಗೆ ಮೇಯುವುದಕ್ಕೆ ಸಂಜೆ 40–50 ಸಾಕು. ಮಲ್ಪೆ ಕಡೆ ಮೀನು ಅಗ್ಗ ಅಂತ ಮೀನಿನ ಪುಡಿ ಹೆಚ್ಚು ಹಾಕಿದರೆ ಮೊಟ್ಟೆ ಮೀನು ವಾಸನೆ ಹೊಡೆಯುತ್ತದೆ, ಕೆಲವು ಕಂದು ತಳಿಯಲ್ಲಿ ಇನ್ನೂ ಹೆಚ್ಚು. ಮಳೆಗಾಲದಲ್ಲಿ ನೆಲಗಡಲೆ ಹಿಂಡಿಗೆ ಬೂಸ್ಟು ಬಂದರೆ ಕೆರೆದು ಬಳಸಬೇಡಿ, ಪೂರ್ತಿ ಬಿಸಾಡಿ. ಅದರ ಅಫ್ಲಾಟಾಕ್ಸಿನ್ ವಿಷ ಕೋಳಿಯ ಪಿತ್ತಜನಕಾಂಗ ಹಾಳು ಮಾಡುತ್ತದೆ, ಮೊಟ್ಟೆ ಕಡಿಮೆಯಾಗುತ್ತದೆ. ಒಂದು ಸಲಕ್ಕೆ ಹದಿನೈದು ದಿನಕ್ಕಾಗುವಷ್ಟೇ ಕಲಸಿ.

ಪಶುವೈದ್ಯ_ಬ್ರಹ್ಮಾವರ
ಎಪ್ರಿಲ್, ಮೇ ತಿಂಗಳಲ್ಲಿ ಚಿಪ್ಪು ಹಾಕಿದರೂ ತೆಳುವಾಗುವುದುಂಟು. ಸೆಕೆಗೆ ಕೋಳಿ ಬಾಯಿ ತೆರೆದು ಏದುಸಿರು ಬಿಡುವಾಗ ರಕ್ತದ ಇಂಗಾಲದ ಡೈಆಕ್ಸೈಡ್ ಹೊರಹೋಗುತ್ತದೆ, ಚಿಪ್ಪಿನ ಕಾರ್ಬೊನೇಟ್ ಆಗುವುದು ಅದರಿಂದಲೇ. ಮಣ್ಣಿನ ಪಾತ್ರೆಯಲ್ಲಿ ತಣ್ಣೀರು ಮೂರು ಹೊತ್ತು ಬದಲಿಸಿ, ಗೂಡಿನ ಮಾಡಿಗೆ ಮಡಲು ಹೊದೆಸಿ, ಆಹಾರವನ್ನು ಬೆಳಿಗ್ಗೆ 6ರಿಂದ 8ರೊಳಗೆ ಮತ್ತು ಸಂಜೆ 5ರ ಮೇಲೆ ಕೊಡಿ. ಮಧ್ಯಾಹ್ನ ತಿಂದರೆ ಮೈ ಇನ್ನೂ ಕಾಯುತ್ತದೆ.

ಕದ್ರಿ_ಅಡುಗೆಮನೆ
ಮೊಟ್ಟೆಯ ಒಳಪೊರೆ ರಬ್ಬರಿನ ಹಾಗೆ ಎಳೆದರೆ ಪ್ಲಾಸ್ಟಿಕ್ ಮೊಟ್ಟೆ ಅಂತ ವಾಟ್ಸಾಪಿನಲ್ಲಿ ಬರುತ್ತದಲ್ಲ?

ಟ್ರೇ_ಮೂವತ್ತು
ಪ್ಲಾಸ್ಟಿಕ್ ಮೊಟ್ಟೆ ಅಂತ ಒಂದು ಇಲ್ಲ. ಹಳತಾಗಿ ನೀರು ಆರಿದ ಪೊರೆ ಹಾಗೆ ದಪ್ಪಗೆ ಎದ್ದು ಬರುತ್ತದೆ. ಅಂಥದ್ದು ಸಿಕ್ಕಿದರೆ ಅಂಗಡಿ ಬದಲಿಸಿ.

ಕದ್ರಿ_ಅಡುಗೆಮನೆ
ಸರಿ. ದಿನದ ಆಮ್ಲೆಟ್ಟು, ಕೇಕಿಗೆ ಟ್ರೇ ಬೇಗ ಖಾಲಿಯಾಗುವ ಅಂಗಡಿಯ ಫಾರಂ ಮೊಟ್ಟೆ. ಊರದ್ದು ವಾರಕ್ಕೆ ಹತ್ತು, ಸಾಕುವವರಿಂದಲೇ. ಸಂತೆಗೆ ತರುವವರ ಹತ್ತಿರ ಎಂತೆಲ್ಲ ಕೇಳಬೇಕು ಅಂತ ಒಮ್ಮೆ ಹೇಳಿಬಿಡಿ ಕಾರ್ಕಳದವರೇ.

ಹಿತ್ತಲು_ಕಾರ್ಕಳ
ಯಾವಾಗ ಇಟ್ಟದ್ದು, ಹುಂಜ ಒಟ್ಟಿಗೆ ಉಂಟಾ, ತೊಳೆದಿದ್ದೀರಾ, ಕಳೆದ ಹದಿನೈದು ದಿನದಲ್ಲಿ ಮದ್ದು ಕೊಟ್ಟಿದ್ದೀರಾ. ಸಾಕುವವರೇ ಆದರೆ ನಾಲ್ಕಕ್ಕೂ ತಡವರಿಸದೆ ಉತ್ತರ ಬರುತ್ತದೆ. ಚಿಪ್ಪಿನ ಮೇಲೆ ಪೆನ್ಸಿಲಿನಲ್ಲಿ ತಾರೀಕು ಬರೆದು ಕೊಡಿ ಅಂತ ಮೊದಲೇ ಹೇಳಿಡಿ. ಪೆನ್ನು ಬೇಡ, ಶಾಯಿ ಒಳಗೆ ಇಳಿಯುತ್ತದೆ.